ಕೆಳಗಿನಿಂದ ಮೂರನೇ ಎಲೆ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಕ್ಯಾಮೆರಾಗಳು ನೋಡುತ್ತಿದ್ದದ್ದು ಬಾಟಲಿ ಮುಚ್ಚಳಗಳನ್ನು. ಬೆಲ್ಟಿನ ಮೇಲೆ ಮುಚ್ಚಳ ಸಾಗಿ ಬರುತ್ತದೆ, ಕ್ಯಾಮೆರಾ ಅದರ ಬಣ್ಣ ನೋಡುತ್ತದೆ, ಬಣ್ಣ ಸರಿಯಿಲ್ಲದಿದ್ದರೆ ಪಕ್ಕದ ಕೊಳವೆಯಿಂದ ಗಾಳಿ ಊದಿ ಅದನ್ನು ಡಬ್ಬಕ್ಕೆ ಬೀಳಿಸುತ್ತದೆ. ಆ ಬಣ್ಣ ನೋಡುವ ಭಾಗವನ್ನು ಸರಿಹೊಂದಿಸುವುದು ನನ್ನ ಕೆಲಸ. ಹೀಗಿರುವಾಗ ಒಂದು ದಿನ ನಮ್ಮ ಮಾಲೀಕರು ಹೂಕೋಸಿನ ಎಲೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಇದರ ಗ್ರೀನ್ ಮೆಷರ್ ಮಾಡ್ಬೇಕು ಕಣಮ್ಮ. ಆಗುತ್ತಾ?"

"ಮುಚ್ಚಳದ್ದಾದ್ರೆ ಆಗುತ್ತೆ ಸಾರ್. ಇದು ಬಾಡುತ್ತೆ" ಎಂದೆ.

"ಬಾಡೋದ್ರೊಳಗೆ ಮಾಡು."

ವಿಷಯ ಇಷ್ಟು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ತನ್ನ ಸುತ್ತಲಿನ ರೈತರಿಗಾಗಿ ಏನಾದರೂ ಮಾಡಬೇಕು ಅನ್ನಿಸಿತ್ತು. ಕೃಷಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಸಲಹೆಗಾರರೊಬ್ಬರು ಅವರಿಗೆ ಒಂದು ದಾರಿ ಹೇಳಿದ್ದರು. ಗಿಡಕ್ಕೆ ಸಾರಜನಕ ಸಾಕಷ್ಟು ಸಿಕ್ಕಿದೆಯೇ ಇಲ್ಲವೇ ಎಂಬುದು ಎಲೆಯ ಹಸಿರಿನಲ್ಲಿ ಗೊತ್ತಾಗುತ್ತದೆ. ಆ ಹಸಿರನ್ನು ಕಣ್ಣಂದಾಜಿಗೆ ಬಿಡದೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದು ಅಂಕಿಯಾಗಿಸಿದರೆ, ಯೂರಿಯಾ ಹಾಕಬೇಕೋ ಬೇಡವೋ ಎಂದು ಬೇಗನೆ ತೀರ್ಮಾನಿಸಬಹುದು. ಎಲೆ ಒಣಗಿಸಿ, ಪುಡಿ ಮಾಡಿ, ಪ್ರಯೋಗಾಲಯಕ್ಕೆ ಕಳಿಸಿ, ವಾರಗಟ್ಟಲೆ ಕಾಯುವ ರಗಳೆ ಇಲ್ಲ. ಬಣ್ಣ ಅಳೆಯುವವರು ಯಾರಿದ್ದಾರೆ ಎಂದು ಹುಡುಕುತ್ತಾ ಅವರು ನಮ್ಮಲ್ಲಿಗೆ ಬಂದಿದ್ದರು. ಮಾಲೀಕರು ಮೊದಲು ಒಪ್ಪಿಕೊಂಡು ಆಮೇಲೆ ನನ್ನನ್ನು ಕೇಳಿದ್ದರು. ಅವರ ಕ್ರಮವೇ ಹಾಗೆ.

ಹೊಲ ಗೊತ್ತಾದದ್ದು ಆನೇಕಲ್ ಕಡೆಯ ಒಂದು ಹಳ್ಳಿಯಲ್ಲಿ. ಟಿ. ದಾಸರಹಳ್ಳಿಯ ನನ್ನ ಮನೆಯಿಂದ ಅಲ್ಲಿಗೆ ಹೋಗುವುದೆಂದರೆ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಸೀಳಿಕೊಂಡು ಹೋಗುವುದು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಮೆಜೆಸ್ಟಿಕ್ ತಲುಪುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಷೇರ್ ಆಟೊ. ಕೋಪ ನನಗೆ ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಆ ಪ್ರಯಾಣ ಮುಗಿಸಿ ಇಳಿದಾಗ ಯಾರಾದರೂ ಚೆನ್ನಾಗಿದ್ದೀರಾ ಎಂದು ಕೇಳಿದರೂ ಸಿಡುಕುವಂತಾಗುತ್ತಿತ್ತು.

ಆ ಹೊಲದ ಅಕ್ಕ ಮಾತ್ರ ಹಾಗೆ ಕೇಳಲಿಲ್ಲ. ಮೊದಲ ದಿನ ನನ್ನ ಮುಖ ನೋಡಿ ಒಂದು ಚೊಂಬು ನೀರು, ಒಂದು ಲೋಟ ಮಜ್ಜಿಗೆ ತಂದಿಟ್ಟು ತಮ್ಮ ಪಾಡಿಗೆ ಕಳೆ ಕೀಳಲು ಹೋದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬೇಕು. ಗಂಡ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಬೇಸಾಯವೆಲ್ಲ ಅವರದೇ. ಜಮೀನು ಮೈದುನನ ಜೊತೆ ಜಂಟಿಯಲ್ಲಿತ್ತು. ರಸ್ತೆ ಕಡೆಯ ಅರ್ಧದಲ್ಲಿ ಮೈದುನ ನೀಲಿ ಶೀಟಿನ ರೂಮುಗಳ ಸಾಲು ಕಟ್ಟಿಸಿ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ ಕೊಟ್ಟಿದ್ದ. ಹಿಂದಿನ ಅರ್ಧದಲ್ಲಿ ಹೂಕೋಸು.

"ಈ ಒಂದ್ ಬೆಳೆ ನೋಡ್ತೀನಿ ಅಂದವ್ನೆ ಮೇಡಂ" ಎಂದರು ಅಕ್ಕ. "ಚೆನ್ನಾಗ್ ಬಂದ್ರೆ ಸರಿ. ಇಲ್ಲಾಂದ್ರೆ ಇಲ್ಲೂ ಶೀಟ್ ಆಕ್ತಾನಂತೆ."

"ಬಾಡಿಗೆ ಬರುತ್ತಲ್ಲ ಅಕ್ಕ. ನಿಮಗೆ ಬೇಡವಾ?"

"ಬಾಡ್ಗೆ ಯಾರಿಗ್ ಬ್ಯಾಡ? ಆದ್ರೆ ಬೆಳಿಗ್ಗೆ ಎದ್ದು ನಾನೆಲ್ಲಿಗ್ ಓಗ್ಲಿ? ರೂಮ್ ಬಾಗ್ಲಾಗೆ ಕೂತ್ಕಂಡು ನೀರಿನ್ ಮೋಟ್ರು ಆನ್ ಮಾಡದು ಆಫ್ ಮಾಡದು, ಅಷ್ಟೇಯಾ ನನ್ ಕೆಲ್ಸ?"

ನಮ್ಮ ಪ್ರಯೋಗಕ್ಕೆ ಅವರು ಒಪ್ಪಿದ್ದಕ್ಕೂ ಅದೇ ಕಾರಣ. ಫೋಟೊ ನೋಡಿ ಬೇಕಾದಷ್ಟೇ ಗೊಬ್ಬರ ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ ಎಂದು ಸಲಹೆಗಾರರು ಹೇಳಿದ್ದನ್ನು ಅವರು ನಂಬಿದ್ದರು. ಆ ಹೊಲದ ಗೊಬ್ಬರದ ತೀರ್ಮಾನವನ್ನೆಲ್ಲ ನನ್ನ ಕ್ಯಾಮೆರಾದ ಕೈಗೆ ಕೊಟ್ಟಿದ್ದರು.

ವಿಧಾನ ಕಾಗದದ ಮೇಲೆ ಸರಳವಾಗಿತ್ತು. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಆರಿಸಿ ಕೆಂಪು ಟೇಪು ಕಟ್ಟುವುದು. ಪ್ರತಿ ಸಲವೂ ಅವೇ ಗಿಡಗಳ, ಕೆಳಗಿನಿಂದ ಮೂರನೇ ಎಲೆಯ ಫೋಟೊ ತೆಗೆಯುವುದು. ಕೆಳಗಿನ ಎಲೆಯೇ ಯಾಕೆ ಎಂದು ಕೇಳಿದ್ದಕ್ಕೆ ಸಲಹೆಗಾರರು ವಿವರಿಸಿದ್ದರು: ಸಾರಜನಕ ಸಾಲದೆ ಬಂದರೆ ಗಿಡ ಅದನ್ನು ಹಳೆಯ ಎಲೆಗಳಿಂದ ತೆಗೆದು ಹೊಸ ಎಲೆಗಳಿಗೆ ಕೊಡುತ್ತದೆ, ಹಾಗಾಗಿ ಕೊರತೆ ಮೊದಲು ಕಾಣುವುದು ತಳದಲ್ಲಿ. ತೀರಾ ತಳದ ಎರಡು ಎಲೆ ವಯಸ್ಸಾಗಿಯೇ ಹಳದಿಯಾಗಿರಬಹುದು, ಮೂರನೆಯದು ನಿಜ ಹೇಳುತ್ತದೆ. ಚಿತ್ರದಲ್ಲಿ ಎಲೆಯ ಪಕ್ಕಕ್ಕೆ ನಮ್ಮ ಬಣ್ಣದ ಫಲಕ ಇರಬೇಕು. ಅದರಲ್ಲಿ ಒಂದು ಹಳದಿ ಚೌಕ, ಒಂದು ಹಸಿರು ಚೌಕ. ಅವುಗಳ ಬಣ್ಣ ನನಗೆ ಮೊದಲೇ ಗೊತ್ತಿರುವುದರಿಂದ, ಬಿಸಿಲು ಮೋಡ ಏನೇ ಇದ್ದರೂ ಚಿತ್ರವನ್ನು ಅವುಗಳಿಗೆ ಹೊಂದಿಸಿಕೊಂಡು ಎಲೆಯ ಹಸಿರನ್ನು ಲೆಕ್ಕ ಹಾಕಬಹುದು. ಕೊನೆಗೆ ಸಿಗುವುದು ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕಿ. ಹೆಚ್ಚಿದ್ದರೆ ಹಸಿರು ಗಾಢ, ಗೊಬ್ಬರ ಬೇಡ. ಕಡಿಮೆಯಿದ್ದರೆ ಬೇಕು.

ಹೊಲಕ್ಕೆ ಇಳಿದ ಮೇಲೆ ಒಂದೊಂದೇ ಕೈಕೊಟ್ಟವು. ಮೊದಲ ಫಲಕಕ್ಕೆ ಹೊಳಪಿನ ಎನಾಮಲ್ ಬಳಿದಿದ್ದೆ. ಬಿಸಿಲು ಬಿದ್ದರೆ ಹಸಿರು ಚೌಕ ಬೆಳ್ಳಗೆ ಹೊಳೆದು ಕೂರುತ್ತಿತ್ತು. ಪೀಣ್ಯದಲ್ಲಿ ನಮ್ಮ ಹಿಂದಿನ ಬೀದಿಯ ಪೌಡರ್ ಕೋಟಿಂಗ್ ಅಂಗಡಿಯಲ್ಲಿ ಹೊಳಪಿಲ್ಲದ ಫಲಕ ಮಾಡಿಸಿದೆ. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸುವ ಆಟೊ ವ್ಯವಸ್ಥೆಯನ್ನು ನಿಲ್ಲಿಸಿದೆ. ರೂಮುಗಳ ನೀಲಿ ಶೀಟಿನಿಂದ ಮಧ್ಯಾಹ್ನ ಬೆಳಕು ಪ್ರತಿಫಲಿಸಿ ಆ ಬದಿಯ ಗಿಡಗಳೆಲ್ಲ ಇದ್ದುದಕ್ಕಿಂತ ನೀಲಿಯಾಗಿ ಬಂದವು. ಅದಕ್ಕೆ ಒಂದು ದೊಡ್ಡ ಕಪ್ಪು ಕೊಡೆ ತಂದು ಅದರ ನೆರಳಿನಲ್ಲೇ ತೆಗೆಯತೊಡಗಿದೆ. ಹೂಕೋಸಿನ ಎಲೆಯ ಮೇಲೆ ಬೂದಿ ಸವರಿದಂಥ ತೆಳು ಮೇಣವಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬೆರಳು ತಾಕಿದ ಕಡೆ ಅದು ಅಳಿಸಿಹೋಗಿ ಎಲೆ ಗಾಢವಾಗಿ ಕಾಣುತ್ತಿತ್ತು. ಆದ್ದರಿಂದ ಎಲೆ ಮುಟ್ಟಬಾರದು ಎಂಬ ನಿಯಮ ಸೇರಿತು. ಮುಚ್ಚಳಗಳ ಜೊತೆ ಇಂಥ ತಂಟೆಯೇ ಇರಲಿಲ್ಲ.

ಇಷ್ಟೆಲ್ಲ ಆಗಿ ಮೊದಲ ಸರಿಯಾದ ಫೋಟೊಗಳನ್ನು ತೆಗೆದಾಗ ಅಂಕಿ ಕಡಿಮೆ ಬಂತು. ಅಕ್ಕ ಮೊದಲ ಕಂತಿನ ಯೂರಿಯಾ ಹಾಕಿದರು. ಆಗ ಅವರೊಂದು ಬೇಡಿಕೆ ಇಟ್ಟರು.

"ಅಷ್ಟೊಂದ್ ಪೋಟ ತೆಗೀತೀರಲ್ಲ, ನಮ್ಗೂ ಒಂದೆರಡ್ ತಂದ್ಕೊಡಿ ಮೇಡಂ. ಗೋಡೆ ಮೇಲ್ ಇಕ್ಕಂತೀನಿ."

ನ್ಯಾಯವೇ. ದಾಸರಹಳ್ಳಿಯ ಸ್ಟುಡಿಯೋದಲ್ಲಿ ಎರಡು ಪ್ರಿಂಟ್ ಹಾಕಿಸಿ, ಮುಂದಿನ ಸಲ ಹೋದಾಗ ಕೊಟ್ಟೆ. ಗೊಬ್ಬರ ಹಿಡಿದಿದೆಯೇ ನೋಡಿ ಬರಲಷ್ಟೇ ಹೋಗಿದ್ದೆ, ಅವತ್ತು ಫೋಟೊ ತೆಗೆಯುವ ಸರದಿ ಇರಲಿಲ್ಲ. ಅವತ್ತು ಮೈದುನ ಮನೆಯಲ್ಲಿದ್ದ. ಐಟಿ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುವವನು, ಬಿಳಿ ಯೂನಿಫಾರ್ಮಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದ. ಪ್ರಿಂಟನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು ನೋಡಿದ.

"ಇದೇನ್ ಅತ್ಗೆ, ಬೆಳೆಗೆ ಕಾಮಾಲೆ ಬಂದಂಗೈತೆ? ಇದುಕ್ಕಾ ನೀವು ಜಮೀನ್ ಉಳಿಸ್ಬೇಕು ಅನ್ನದು?"

ನಗುತ್ತಲೇ ಹೇಳಿದ್ದು. ಅಕ್ಕನೂ ನಕ್ಕರು. ನಾನೂ ನಕ್ಕೆ. ಆ ಪ್ರಿಂಟ್ ಗೋಡೆಗೆ ಏರಲಿಲ್ಲ ಎಂಬುದನ್ನು ಗಮನಿಸಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಎರಡನೇ ಸಲದ ಫೋಟೊಗಳಲ್ಲಿ ಅಂಕಿ ಜಿಗಿದಿತ್ತು. ಶೆಡ್ಡಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನನಗೆ ನಿಜಕ್ಕೂ ಖುಷಿಯಾಯಿತು. ಯೂರಿಯಾ ಹಾಕಿದ ಮೇಲೆ ಹಸಿರು ಏರಿದೆ, ನನ್ನ ಅಂಕಿ ಅದನ್ನು ಹಿಡಿದಿದೆ. ಮಾಲೀಕರು ಬಂದು ನೋಡಿ ಭುಜ ತಟ್ಟಿದರು. ಮೂರನೇ ಸಲವೂ ಹಾಗೆಯೇ: ಎಲೆ ಗಾಢ ಹಸಿರು, ಗೊಬ್ಬರ ಬೇಡ. ಅಕ್ಕಪಕ್ಕದವರೆಲ್ಲ ಎರಡನೇ ಕಂತು ಹಾಕುತ್ತಿದ್ದಾಗ ಅಕ್ಕ ನನ್ನ ಮಾತಿನಂತೆ ಹಾಕಲಿಲ್ಲ. ಅದಕ್ಕೆಂದು ತಂದಿದ್ದ ಯೂರಿಯಾ ಮೂಟೆ ಕೊಟ್ಟಿಗೆಯಲ್ಲಿ ಗೋಡೆಗೊರಗಿ ಕೂತಿತು. ಎರಡನೇ ಕಂತೇ ಇಲ್ಲದೆ ಬೆಳೆದ ಹೂಕೋಸು ಎಂದು ಮಾಲೀಕರು ಎಲೆಕ್ಟ್ರಾನಿಕ್ ಸಿಟಿಯವರಿಗೆ ಸುದ್ದಿ ಮುಟ್ಟಿಸಿ, ಅವರು ಹೊಲ ನೋಡಲು ಬರುವ ದಿನವನ್ನೂ ನಿಗದಿ ಮಾಡಿದರು.

ಅಷ್ಟರಲ್ಲಿ ಪ್ರಯೋಗಾಲಯದ ವರದಿ ಬಂತು. ನಮ್ಮ ಅಂಕಿಯನ್ನು ತಾಳೆ ನೋಡಲೆಂದು, ಟೇಪು ಕಟ್ಟದ ಕೆಲವು ಗಿಡಗಳನ್ನು ಸಲಹೆಗಾರರು ಬುಡಸಮೇತ ಕಿತ್ತು ಪರೀಕ್ಷೆಗೆ ಕಳಿಸಿದ್ದರು. ವರದಿಯ ಪ್ರಕಾರ ಸಾರಜನಕ ಕಡಿಮೆ. ನಮ್ಮ ಫೋಟೊದ ಪ್ರಕಾರ ಬೇಕಾದಷ್ಟಿದೆ.

"ಲ್ಯಾಬ್‌ನೋರು ಸ್ಯಾಂಪಲ್ ಅದಲು ಬದಲು ಮಾಡಿರ್ತಾರೆ ಬಿಡು" ಎಂದರು ಮಾಲೀಕರು.

ನನಗೆ ಹಾಗೆ ಬಿಡಲು ಆಗಲಿಲ್ಲ. ಎರಡು ಅಳತೆ ಒಂದಕ್ಕೊಂದು ಹೊಂದದಿದ್ದರೆ ನನಗೆ ಊಟ ಸೇರುವುದಿಲ್ಲ. ಮೊದಲು ನನ್ನ ಕಡೆಯದನ್ನೇ ಪರೀಕ್ಷಿಸಿದೆ. ಕ್ಯಾಮೆರಾವನ್ನು ಮುಚ್ಚಳದ ಬೆಲ್ಟಿನ ದೀಪದ ಕೆಳಗಿಟ್ಟು, ಬಣ್ಣ ಗೊತ್ತಿರುವ ತಗಡುಗಳ ಚಿತ್ರ ತೆಗೆದು ನೋಡಿದೆ, ಸರಿಯಿತ್ತು. ಲೆಕ್ಕ ಹಾಕುವ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ, ಸರಿಯಿತ್ತು. ಕೊಡೆಯನ್ನೂ ಅನುಮಾನಿಸಿದೆ. ಕೊನೆಗೆ ಉಳಿದದ್ದು ಹೊಲದ ಫಲಕ. ಬಸ್ಸಿನಲ್ಲಿ ಹೊತ್ತು ತಿರುಗುವುದು ಕಷ್ಟ ಎಂದು ಅದನ್ನು ಅಕ್ಕನ ಕೊಟ್ಟಿಗೆಯಲ್ಲೇ ಬಿಟ್ಟಿರುತ್ತಿದ್ದೆ. ಅದರ ಬಣ್ಣ ಮಾಸಿದೆಯೇನೋ, ಮರುದಿನ ಹೇಗೂ ಮತ್ತೆ ಫೋಟೊ ತೆಗೆಯುವ ಸರದಿ, ಹಿಂದಿನ ದಿನವೇ ಹೋಗಿ ಫಲಕ ನೋಡಿಬಿಡೋಣ ಎಂದು ಹೊರಟೆ. ಬರುತ್ತೇನೆಂದು ಹೇಳಿರಲಿಲ್ಲ.

ಅಕ್ಕ ಹೊಲದಲ್ಲಿ ಬಗ್ಗಿದ್ದರು. ಪಕ್ಕದಲ್ಲಿ ಬಿದಿರಿನ ಮಂಕರಿ. ಕಳೆ ಕೀಳುತ್ತಿದ್ದಾರೆ ಅಂದುಕೊಂಡೆ. ಆದರೆ ಕಳೆ ಕೀಳುವವರು ಸಾಲು ಹಿಡಿದು ಹೋಗುತ್ತಾರೆ. ಇವರು ಒಂದು ಗಿಡದಿಂದ ಎದ್ದು ನಡುವಿನ ಎಷ್ಟೋ ಗಿಡಗಳನ್ನು ಬಿಟ್ಟು ಇನ್ನೊಂದರ ಹತ್ತಿರ ಕೂತರು. ಅಲ್ಲಿ ಕೆಂಪು ಟೇಪಿತ್ತು. ಮುಂದಿನದಕ್ಕೂ ಕೆಂಪು ಟೇಪಿತ್ತು.

"ಏನ್ ಮಾಡ್ತಿದ್ದೀರಾ ಅಕ್ಕ?"

ಬೆಚ್ಚಿ ತಿರುಗಿದರು. "ಅಯ್ಯೋ, ನಾಳೆ ಅಲ್ವಾ ಮೇಡಂ ನೀವ್ ಬರದು? ಇವತ್ತೇ ಬಂದ್ಬುಟ್ರಿ. ಇನ್ನೂ ಅರ್ಧ ಐತೆ."

"ಏನು ಅರ್ಧ?"

"ಇದೇಯಾ, ಅಣ್ಣೆಲೆ ಕೀಳದು. ನಾಳೆ ಪೋಟ ಅಲ್ವಾ?"

ಮಂಕರಿಯೊಳಗೆ ನೋಡಿದೆ. ಹಳದಿ ಎಲೆ, ಅರೆ ಹಳದಿ ಎಲೆ, ಅಂಚಿಗೆ ನೇರಳೆ ಬಣ್ಣ ತಿರುಗಿದ ಎಲೆ. ಹಸುವಿನ ಪಾಲಿಗೆ ಒಳ್ಳೆಯ ಊಟ. ನನ್ನ ಪಾಲಿಗೆ ಅದರಲ್ಲಿದ್ದದ್ದು ಇಷ್ಟು ವಾರ ಹುಡುಕುತ್ತಿದ್ದ ಸಾರಜನಕದ ಕೊರತೆ.

"ಪ್ರತಿ ಸಲಾನೂ ಹೀಗೆ ಕೀಳ್ತಿದ್ರಾ?"

"ಮೊದಲ್ನೇ ಸಲ ಬುಟ್ಟು. ಆ ಪೋಟ ನೋಡಿ ಕಾಮಾಲೆ ಅಂದನಲ್ಲ ನಮ್ ಮೈದುನ, ಅವತ್ತಿಂದ ನೀವ್ ಬರೋ ಮುಂಚಿನ್ ದಿನ ಎಲ್ಲಾ ಕಿಲೀನ್ ಮಾಡಿಕ್ತೀನಿ. ಮಕ್ಳುನ್ನ ಪೋಟಕ್ಕೆ ನಿಲ್ಸೋವಾಗ ಮೂಗ್ ಒರೆಸಲ್ವಾ ಮೇಡಂ, ಅಂಗೇಯಾ."

ನನಗೆ ಕೋಪ ನೆತ್ತಿಗೇರಿತು. ಕ್ಯಾಮೆರಾ ಚೀಲವನ್ನು ಬದುವಿನ ಮೇಲೆ ಕುಕ್ಕಿ, "ಏನ್ ಕೆಲಸ ಮಾಡಿಬಿಟ್ರಿ ಅಕ್ಕ!" ಎಂದು ಕೂಗಿಯೇಬಿಟ್ಟೆ. ರೂಮುಗಳ ಕಡೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಅಕ್ಕನ ಕೈಯಲ್ಲಿ ಒಂದು ಹಣ್ಣೆಲೆ ಹಾಗೇ ಉಳಿದಿತ್ತು. ಅದನ್ನು ಮಂಕರಿಗೆ ಹಾಕಬೇಕೋ ಬಿಡಬೇಕೋ ಗೊತ್ತಾಗದೆ ಹಿಡಿದುಕೊಂಡೇ ನಿಂತಿದ್ದರು. ಅದನ್ನು ನೋಡಿ ನನ್ನ ಕೋಪ ಇಳಿಯಿತು. ಬೈಗುಳಕ್ಕೆ ಅಲ್ಲಿ ಜಾಗವಿರಲಿಲ್ಲ.

ಗಿಡದ ಬುಡದಲ್ಲಿ ಕೂತು ಅವರನ್ನೂ ಕೂರಿಸಿದೆ. ಕಾಂಡದ ಮೇಲೆ ಎಲೆ ಕಿತ್ತ ಗಾಯದ ಗುರುತುಗಳು ಒಂದರ ಮೇಲೊಂದು ಇದ್ದವು, ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿ. "ನಾನು ಕೆಳಗಿನಿಂದ ಮೂರನೇ ಎಲೆ ಅಂತ ಎಣಿಸ್ತಿದ್ದೆ ಅಕ್ಕ. ನೀವು ತಳದ ನಾಲ್ಕು ಎಲೆ ತೆಗೆದ್ರೆ, ನಾನು ಮೂರನೇದು ಅಂದ್ಕೊಂಡು ತೆಗೆದದ್ದು ನಿಜವಾಗಿ ಏಳನೇದು. ಅದು ಎಳೆ ಎಲೆ. ಗಿಡ ಎಷ್ಟೇ ಹಸಿದಿದ್ರೂ ಅದನ್ನ ಹಸಿರಾಗೇ ಇಟ್ಕೊಂಡಿರುತ್ತೆ."

ಅವರು ಗಾಯದ ಗುರುತುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. ಆಮೇಲೆ ತಲೆಯೆತ್ತಿ ಪಕ್ಕದ, ಟೇಪಿಲ್ಲದ ಗಿಡ ನೋಡಿದರು. ಅದರ ತಳದಲ್ಲಿ ಹಳದಿ ಎಲೆಗಳು ಹಾಗೇ ಇದ್ದವು. ಇಷ್ಟು ದಿನ ನಾನೂ ಅವುಗಳ ನಡುವೆಯೇ ನಡೆದಾಡಿದ್ದೆ. ಕೊಡೆ ಬಿಚ್ಚಿ, ಫಲಕ ನಿಲ್ಲಿಸಿ, ಕ್ಯಾಮೆರಾದ ಪರದೆಯೊಳಗೆ ಕಣ್ಣಿಟ್ಟವಳಿಗೆ ಆ ಪರದೆಯ ಆಚೆಯದು ಕಂಡಿರಲಿಲ್ಲ.

"ಅಂಗಾದ್ರೆ ಗೊಬ್ರ ಬೇಕಾಗಿತ್ತಾ ಇದುಕ್ಕೆ?" ಎಂದರು.

"ಬೇಕಾಗಿತ್ತು."

"ಈಗ?"

ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು. ಹೂಕೋಸಿನ ಗಿಡ ಬಲಿಯುವ ಮೊದಲೇ ಸಾರಜನಕ ಸಾಲದೆ ಹೋದರೆ ಅವಸರದಲ್ಲಿ ಹೂ ಕಟ್ಟಿಬಿಡುತ್ತದೆ. ಅಂಥ ಹೂವು ನಿಂಬೆಹಣ್ಣಿನ ಗಾತ್ರಕ್ಕೆ ನಿಂತುಹೋಗುತ್ತದೆ, ಆಮೇಲೆ ಎಷ್ಟು ಗೊಬ್ಬರ ಸುರಿದರೂ ಬೆಳೆಯುವುದಿಲ್ಲ. ಅಂಥದ್ದನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಹೊಲಪೂರ್ತಿ ಹಾಗಾದರೆ ಮೈದುನನಿಗೆ ಬೇರೆ ಕಾರಣ ಬೇಕಾಗುತ್ತಿರಲಿಲ್ಲ. ಇಬ್ಬರೂ ನೀಲಿ ಶೀಟಿನ ಕಡೆ ಒಮ್ಮೆ ನೋಡಿದೆವು.

ಫಲಕ ತರಿಸಿ ನೋಡಿದೆ, ಅದರ ಬಣ್ಣ ಮಾಸಿರಲಿಲ್ಲ. ಟೇಪಿಲ್ಲದ ಗಿಡಗಳ ಕೆಳಗಿನಿಂದ ಮೂರನೇ ಎಲೆಯ ಫೋಟೊಗಳನ್ನು ತೆಗೆದೆ. ಮಂಕರಿಯ ಎಲೆಗಳನ್ನೂ ಹರಡಿ ತೆಗೆದೆ. ಶೆಡ್ಡಿಗೆ ವಾಪಸು ಹೋಗಿ ಲೆಕ್ಕ ಮಾಡುವಷ್ಟು ತಾಳ್ಮೆ ಇರಲಿಲ್ಲ. ಪ್ರೋಗ್ರಾಮು ಪೆನ್ ಡ್ರೈವಿನಲ್ಲಿತ್ತು. ಷೇರ್ ಆಟೊ ಹಿಡಿದು ಆನೇಕಲ್ ಬಸ್ ನಿಲ್ದಾಣದ ಹತ್ತಿರದ ಒಂದು ಸೈಬರ್ ಸೆಂಟರಿಗೆ ಹೋಗಿ, ಸಿನಿಮಾ ಹಾಡು ಡೌನ್‌ಲೋಡ್ ಮಾಡುತ್ತಿದ್ದವರ ನಡುವೆ ಕೂತು ಎಲೆಗಳ ಹಸಿರನ್ನು ಲೆಕ್ಕ ಹಾಕಿದೆ. ಅಂಕಿ ಮೊದಲ ಸಲಕ್ಕಿಂತಲೂ ಕೆಳಗಿತ್ತು. ಪ್ರಯೋಗಾಲಯದವರು ಏನನ್ನೂ ಅದಲು ಬದಲು ಮಾಡಿರಲಿಲ್ಲ.

ಅಂಗಡಿಯ ಹೊರಗೆ ನಿಂತು ಮಾಲೀಕರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿ, "ಇವತ್ತೇ ಗೊಬ್ಬರ ಹಾಕಿಸ್ಬೇಕು ಸಾರ್" ಎಂದೆ.

"ಶುಕ್ರವಾರ ಅವ್ರು ವಿಸಿಟ್‌ಗೆ ಬರ್ತಿದ್ದಾರಮ್ಮ. ಸೆಕೆಂಡ್ ಡೋಸ್ ಇಲ್ದೆ ಬೆಳೆದಿದ್ದು ಅಂತ ಪ್ರೆಸೆಂಟೇಷನ್ ರೆಡಿ ಮಾಡಿದ್ದೀನಿ. ಅವ್ರು ಹೋದ್ಮೇಲೆ ಹಾಕ್ಸು."

"ಅಷ್ಟರಲ್ಲಿ ಹೂ ಕಟ್ಟೋಕೆ ಶುರುವಾದ್ರೆ?"

"ನಾಲ್ಕು ದಿನಕ್ಕೆ ಏನಾಗಲ್ಲ ಕಣಮ್ಮ. ನಮ್ ಶೆಡ್ಡಿನ ಕಡೇನೂ ಸ್ವಲ್ಪ ನೋಡು."

ಅವರು ಕೆಟ್ಟವರಲ್ಲ. ಮುಚ್ಚಳದ ಕೆಲಸ ಆಗ ಕಡಿಮೆಯಾಗಿತ್ತು, ಈ ಕೆಲಸ ಮುಂದುವರಿದರೆ ಶೆಡ್ಡಿಗೆ ಉಸಿರು ಬರುತ್ತಿತ್ತು. ಅದು ನನ್ನ ಅನ್ನವೂ ಹೌದು. ಸರಿ ಸಾರ್ ಎನ್ನಲಿಲ್ಲ, ಆಗಲ್ಲ ಸಾರ್ ಎಂದೂ ಹೇಳಲಿಲ್ಲ. ಫೋನ್ ಇಟ್ಟು ಸಲಹೆಗಾರರಿಗೆ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಗಿಡದ ನಡುವೆ ಎಳೆ ಎಲೆಗಳನ್ನು ಬಿಡಿಸಿದರೆ ಹೂವಿನ ಮೊಗ್ಗು ಕಾಣುತ್ತದೆಯೇ ಎಂದು ಕೇಳಿದರು. ಟೇಪಿಲ್ಲದ ಒಂದೆರಡು ಗಿಡದಲ್ಲಿ ನೋಡಿದ್ದೆ, ಇನ್ನೂ ಕಂಡಿರಲಿಲ್ಲ.

"ಹಾಗಾದ್ರೆ ಕಾಯಬೇಡಿ" ಎಂದರು. "ನಿಮ್ಮ ಪ್ರಯೋಗ ಆಗಲೇ ಹೋಗಿದೆಯಮ್ಮ. ಬೆಳೆ ಇನ್ನೂ ಹೋಗಿಲ್ಲ."

ಈ ಮಾತು ಕೇಳಿದ ಮೇಲೆ ನನಗೆ ಯೋಚಿಸುವುದು ಏನೂ ಉಳಿಯಲಿಲ್ಲ. ವಾಪಸು ಹೋಗಿ, "ಮೂಟೆ ಬಿಚ್ಚಿ ಅಕ್ಕ" ಎಂದೆ.

"ನಿಮ್ ಕಂಪ್ನಿಯೋರು ಬೈಯಲ್ವಾ?"

"ಬೈತಾರೆ."

ಅವರು ನನ್ನ ಮುಖ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋದರು. ಒಂದು ಬಕೆಟ್ಟು ಅವರಿಗೆ, ಒಂದು ನನಗೆ. ಕಾಂಡಕ್ಕೆ ತಾಕದಂತೆ ಬುಡದ ಸುತ್ತ ಉಂಗುರದ ಹಾಗೆ ಹಾಕಿ ಮಣ್ಣು ಏರಿಸಬೇಕು. ನಾನು ಹಾಕುತ್ತಾ ಹೋದೆ, ಅವರು ಗುದ್ದಲಿಯಲ್ಲಿ ಮಣ್ಣೆಳೆಯುತ್ತಾ ಬಂದರು. ಕೆಂಪು ಟೇಪಿನ ಗಿಡಗಳಿಗೂ ಹಾಕಿದೆವು. ಹೊತ್ತು ಇಳಿಯುವಷ್ಟರಲ್ಲಿ ನೀರು ಬಿಟ್ಟಾಗಿತ್ತು. ನನ್ನ ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ಕೂರಲೂ ಆಗಲಿಲ್ಲ, ನಿಂತೇ ಮೆಜೆಸ್ಟಿಕ್‌ಗೆ ಬಂದೆ.

ಶುಕ್ರವಾರ ಕಂಪನಿಯ ಇಬ್ಬರು ಅಕ್ಕನ ಮನೆಗೆ ಬಂದರು. ಮಾಲೀಕರ ಪ್ರೆಸೆಂಟೇಷನ್ ಶುರುವಾಗುವ ಮೊದಲೇ ನಾನು ಎದ್ದು ನಿಂತು ಮೂರು ಪ್ರಿಂಟುಗಳನ್ನು ಅವರ ಮುಂದಿಟ್ಟೆ: ಟೇಪಿನ ಗಿಡದ ಎಲೆ, ಟೇಪಿಲ್ಲದ ಗಿಡದ ಎಲೆ, ಮಂಕರಿ. ನಡೆದದ್ದನ್ನು ನಡೆದ ಹಾಗೆ ಹೇಳಿ, ಗೊಬ್ಬರ ಹಾಕಿ ಆಗಿದೆ ಎಂದೂ ಹೇಳಿದೆ. ಮಾಲೀಕರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

"ಅಂದ್ರೆ ಕ್ಯಾಮೆರಾ ಫೇಲ್ ಆಯ್ತಾ ಮೇಡಂ?" ಎಂದರು ಬಂದವರಲ್ಲೊಬ್ಬರು.

"ಇಲ್ಲ ಸಾರ್. ತೋರಿಸಿದ ಎಲೆ ಬಗ್ಗೆ ಅದು ಸರಿಯಾಗೇ ಹೇಳಿದೆ. ನಾವು ಬೇರೆ ಎಲೆ ತೋರಿಸಿದ್ವಿ."

ಅವರು ತಲೆಯಾಡಿಸಿ, ಹೊಲದಲ್ಲಿ ಒಂದು ಸುತ್ತು ಹಾಕಿ, ಷೂಗೆ ಮೆತ್ತಿದ ಕೆಸರನ್ನು ಬದುವಿಗೆ ಒರೆಸಿ ಹೊರಟರು. ಮಾಲೀಕರ ಕಾರಿನಲ್ಲಿ ನಾನೂ ಕ್ಯಾಮೆರಾವೂ ಹಿಂದಿನ ಸೀಟಿನಲ್ಲಿ. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಮಾಲೀಕರು ಕನ್ನಡಿಯಲ್ಲಿ ನನ್ನತ್ತ ನೋಡಿದರು.

"ನಾನ್ ಬೇಡ ಅಂದ್ಮೇಲೂ ಹಾಕೋದಾದ್ರೆ ಇನ್ನೊಂದ್ ಮಾತ್ ಹೇಳ್ಬೇಕಿತ್ತು."

"ಹೇಳಿದ್ರೆ ಮತ್ತೆ ಬೇಡ ಅಂತಿದ್ರಿ ಸಾರ್."

"ಹೌದು, ಅಂತಿದ್ದೆ" ಎಂದರು. ಆಮೇಲೆ ರೇಡಿಯೊ ಹಾಕಿದರು.

ಮುಂದಿನ ಹಂತವನ್ನು ಸದ್ಯಕ್ಕೆ ಬೇಡ ಎಂದು ಕಂಪನಿಯವರು ಮುಂದೂಡಿದರು. ನಾನು ಮುಚ್ಚಳಗಳಿಗೆ ಹಿಂತಿರುಗಿದೆ. ಸಲಹೆಗಾರರೂ ನಾನೂ ಸೇರಿ ವಿಧಾನವನ್ನು ಮಾತ್ರ ತಿದ್ದಿದೆವು. ಎಲೆಯನ್ನು ಕೆಳಗಿನಿಂದ ಎಣಿಸಬಾರದು. ಮೇಲೆ ಪೂರ್ತಿ ಅರಳಿದ ಹೊಸ ಎಲೆಯಿಂದ ಕೆಳಕ್ಕೆ ಎಣಿಸಬೇಕು, ಅಲ್ಲಿ ಯಾರೂ ಕೀಳುವುದಿಲ್ಲ. ಆ ಜಾಗದ ಎಲೆ ಕಾಣದೆ ಹೋದರೆ ಗಿಡವನ್ನೇ ಬಿಡಬೇಕು. ಗಿಡಕ್ಕೆ ಟೇಪು ಕಟ್ಟಿ ಮೊದಲೇ ಗುರುತು ಮಾಡಬಾರದು. ಹೋದ ದಿನ ಕೈಗೆ ಸಿಕ್ಕ ಗಿಡಗಳನ್ನು ಆರಿಸಬೇಕು. ಬಾಟಲಿ ಮುಚ್ಚಳ ಕ್ಯಾಮೆರಾದ ಮುಂದೆ ಬರುವಾಗ ಯಾವತ್ತೂ ಸಿಂಗಾರ ಮಾಡಿಕೊಂಡು ಬಂದಿರಲಿಲ್ಲ, ಹಾಗಾಗಿ ಇಂಥ ನಿಯಮ ಬೇಕಾಗಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಕೊಯ್ಲಿನ ಹೊತ್ತಿಗೆ ಒಂದು ರಜೆ ಹಾಕಿ ಹೋದೆ. ದಾರಿಯುದ್ದಕ್ಕೂ ಹೆದರಿಕೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಷೇರ್ ಆಟೊ ಇಳಿದು ಮೊದಲು ನೋಡಿದ್ದು ಹೊಲವನ್ನಲ್ಲ, ಶೀಟಿನ ಸಾಲನ್ನು. ಅದು ಇದ್ದಲ್ಲೇ ಇತ್ತು, ಒಂದಡಿಯೂ ಮುಂದೆ ಬಂದಿರಲಿಲ್ಲ.

ಹೂವುಗಳನ್ನು ಬಿಸಿಲಿಗೆ ಹಳದಿಯಾಗದಂತೆ ಎಲೆ ಮಡಿಸಿ ಮುಚ್ಚಿದ್ದರು. ಅಕ್ಕ ಒಂದನ್ನು ಬಿಡಿಸಿ ತೋರಿಸಿದರು. ಬೆಳ್ಳಗೆ, ಗಟ್ಟಿಯಾಗಿ, ಎರಡು ಕೈಯಲ್ಲಿ ಹಿಡಿಯುವಷ್ಟಿತ್ತು. ಊರಿಗೇ ದೊಡ್ಡದೇನಲ್ಲ, ಆದರೆ ಮಾರುಕಟ್ಟೆಗೆ ಹೋಗುವ ಹೂವು. ನನಗೆ ಕಣ್ಣಲ್ಲಿ ನೀರು ಬಂತು. ಬಿಸಿಲೆಂದು ಕೊಡೆ ಬಿಚ್ಚಿದೆ.

"ಮೈದುನ ಏನಂದ?"

"ಇನ್ನೊಂದ್ ಬೆಳೆ ಇಕ್ಕಿ ನೋಡನ ಅಂದವ್ನೆ. ಅಷ್ಟೇಯಾ. ಅವ್ನ್ ಬಾಯಲ್ಲಿ ಅಷ್ಟ್ ಬಂದಿದ್ದೇ ಎಚ್ಚು." ಆಮೇಲೆ ನಗುತ್ತಾ ಕೆಂಪು ಟೇಪಿನ ಗಿಡವೊಂದನ್ನು ಬಿಡಿಸಿದರು. ಒಳಗೆ ನಿಂಬೆಹಣ್ಣಿನಷ್ಟು ಹೂವು. ಟೇಪು ಕಟ್ಟಿದ್ದ ಗಿಡಗಳೆಲ್ಲ ಹೀಗೇ ಆಗಿದ್ದವು. ನಾವು ಗೊಬ್ಬರ ಹಾಕುವ ಮೊದಲೇ, ತಿನ್ನಲು ಗೊಬ್ಬರವೂ ಇಲ್ಲದೆ, ಬೆಳೆಯಲು ಎಲೆಯೂ ಇಲ್ಲದೆ ಅವು ಬೇಗನೆ ಹೂ ಕಟ್ಟಿ ಕೈಚೆಲ್ಲಿದ್ದವು.

"ನಿಮ್ ಕ್ಯಾಮ್ರಾ ದೃಷ್ಟಿ ಬಿತ್ತು ಕಣಮ್ಮ ಇವ್ಕೆ."

"ಬಿತ್ತು ಅಕ್ಕ" ಎಂದೆ. ಅದಕ್ಕಿಂತ ಸರಿಯಾದ ವರದಿಯನ್ನು ನಾನೂ ಬರೆದಿರಲಿಲ್ಲ.

"ಈಗ ಒಂದ್ ಪೋಟ ತೆಗೀರಿ ಮತ್ತೆ. ಗೋಡೆಗ್ ಆಕದು. ನಾನೂ ನಿಂತ್ಕಂತೀನಿ" ಎಂದು ಅವರು ಮನೆಯೊಳಗೆ ಹೋದರು. ನಾನು ಬದುವಿನ ಮೇಲೆ ಕೂತು ಕಾದೆ. ಬಂದಾಗ ಹಸಿರು ಅಂಚಿನ ಸೀರೆ ಉಟ್ಟು, ತಲೆ ಬಾಚಿ, ಕನಕಾಂಬರ ಮುಡಿದಿದ್ದರು. ಹೊಲದ ನಡುವೆ ಒಳ್ಳೆಯ ಹೂವಿರುವ ಗಿಡವೊಂದರ ಪಕ್ಕ ನಿಂತು, ಸೆರಗು ಸರಿಮಾಡಿಕೊಂಡು, ಮುಖ ಬಿಗಿ ಮಾಡಿಕೊಂಡರು. ನಾನು ಕ್ಯಾಮೆರಾ ಎತ್ತಿದೆ.

ಅವರ ಕಣ್ಣು ಕೆಳಗೆ ಹೋಯಿತು. ಆ ಗಿಡದ ತಳದಲ್ಲಿ ಒಂದು ಹಣ್ಣೆಲೆ ಜೋತಾಡುತ್ತಿತ್ತು. ಬಗ್ಗಿ ಕೈ ಹಾಕಿದವರು ಥಟ್ಟನೆ ನಿಂತು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ನನ್ನತ್ತ ನೋಡಿದರು.

"ಕೀಳಿ ಅಕ್ಕ" ಎಂದೆ. "ಇವತ್ತು ಕೀಳಬಹುದು."